ಕಿವಿ ಕೊಡೋದನ್ನ ಕಲಿಸಿದ ಮೇಷ್ಟ್ರು: ಕಾರ್ಲ್ ರೋಜರ್ಸ್

ಟೆನ್ಷನ್ ತಗೋಬೇಡ ಮಗಾ, ಎಲ್ಲಾ ಸರಿ ಹೋಗುತ್ತೆ. ನಮ್ಮ ಹಾಸ್ಟೆಲ್ ಕಾರಿಡಾರ್‌ಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಖರ್ಚಾಗುವ ಮಾತು ಇನ್ನೊಂದಿಲ್ಲ. ಎರಡು ಬ್ಯಾಕ್‌ಲಾಗ್ ಉಳಿಸಿಕೊಂಡವನಿಗೂ ಇದೇ, ಪ್ಲೇಸ್‌ಮೆಂಟ್‌ನಲ್ಲಿ ಐದನೇ ಕಂಪನಿಯೂ ಕೈಕೊಟ್ಟವಳಿಗೂ ಇದೇ, ಮನೆಯಲ್ಲಿ ಏನೋ ಆಗಿದೆ ಅಂತ ಊಟ ಬಿಟ್ಟು ಕೂತವನಿಗೂ ಇದೇ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರೋದಿಲ್ಲ. ಆದರೆ ಆ ಮಾತು ಬಿದ್ದ ಮೇಲೆ ಎದುರಿಗಿದ್ದವರು ಸುಮ್ಮನಾಗಿಬಿಡ್ತಾರೆ. ಸಮಾಧಾನ ಆಯ್ತು ಅಂತಲ್ಲ, ಇನ್ನು ಹೇಳಿ ಪ್ರಯೋಜನ ಇಲ್ಲ ಅಂತ.

ಹಾಗಾದರೆ ಏನು ಮಾಡಬೇಕಿತ್ತು? ಈ ಪ್ರಶ್ನೆಯನ್ನ ಸುಮಾರು 60 ವರ್ಷ ಬಿಡದೆ ಹಿಡಿದುಕೊಂಡ ಒಬ್ಬರ ಕಥೆ ಇದು. ಹೆಸರು ಕಾರ್ಲ್ ರೋಜರ್ಸ್, ಅಮೆರಿಕದ ಮನಶ್ಶಾಸ್ತ್ರಜ್ಞ. ಆಪ್ತಸಮಾಲೋಚನೆ, ಅಂದರೆ ನಾವು ಕೌನ್ಸೆಲಿಂಗ್ ಅಂತ ಕರೆಯೋದನ್ನ, ವಿಶ್ವವಿದ್ಯಾಲಯದಲ್ಲಿ ಕೂತು ಕಲಿಯಬಹುದಾದ, ಅಳೆಯಬಹುದಾದ ಒಂದು ವಿದ್ಯೆಯಾಗಿ ರೂಪಿಸಿದವರಲ್ಲಿ ಇವರ ಹೆಸರು ಮುಂಚೂಣಿಯಲ್ಲಿದೆ. ನಾವು ಸರ್ಕ್ಯೂಟು, ಕೋಡು, ಕಾಂಕ್ರೀಟು ಅಂತ ಓದೋರು, ನಮಗ್ಯಾಕೆ ಇವರ ಕಥೆ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಇವರು ಒಬ್ಬ ಸಿವಿಲ್ ಇಂಜಿನಿಯರ್ ಮಗ. ಮತ್ತೆ ಮತ್ತೆ ದಾರಿ ಬದಲಾಯಿಸಿದ ವಿದ್ಯಾರ್ಥಿ. ಅಷ್ಟೇ ಅಲ್ಲ, ಪ್ರಪಂಚದ ಮೊದಲ ಹೆಸರಾಂತ ಚಾಟ್‌ಬಾಟ್ ಅನುಕರಿಸಿದ್ದು ಇವರ ಮಾತಿನ ಧಾಟಿಯನ್ನೇ.

ಇಂಜಿನಿಯರ್ ಮನೆಯ ಹುಡುಗ

ರೋಜರ್ಸ್ ಹುಟ್ಟಿದ್ದು 1902ರ ಜನವರಿ 8ರಂದು, ಷಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ. ಆರು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ವಾಲ್ಟರ್ ಇಂಜಿನಿಯರ್, ಕಂಟ್ರಾಕ್ಟರ್ ಕೆಲಸದಲ್ಲಿ ಚೆನ್ನಾಗಿ ದುಡಿದವರು. ತಾಯಿ ಜೂಲಿಯಾ ತುಂಬಾ ದೈವಭಕ್ತೆ. ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ, ಶಿಸ್ತಿಗಂತೂ ಇರಲೇ ಇಲ್ಲ. ಇಸ್ಪೀಟು, ನಾಟಕ, ಕುಣಿತ, ಮದ್ಯ ಎಲ್ಲಾ ನಿಷಿದ್ಧ. ಮೊದಲ ಸಲ ಸೋಡಾ ಬಾಟಲಿ ಕುಡಿದಾಗ ಏನೋ ಪಾಪ ಮಾಡ್ತಿದ್ದೀನಿ ಅನ್ನೋ ಅಳುಕು ಆಗಿತ್ತಂತೆ. ಬೇರೆ ಮನೆಯವರ ಜೊತೆ ಹೆಚ್ಚು ಬೆರೆಯುವ ಹಾಗಿರಲಿಲ್ಲ. ಮನಸ್ಸಿನ ಮಾತು ಹೇಳಿಕೊಳ್ಳೋಕೆ ಗೆಳೆಯರಿಲ್ಲದ ಹುಡುಗ ಪುಸ್ತಕಕ್ಕೆ ಅಂಟಿಕೊಂಡ. ಶಾಲೆಗೆ ಸೇರೋ ಮೊದಲೇ ಓದೋಕೆ ಬರ್ತಿತ್ತು, ಹಾಗಾಗಿ ನೇರವಾಗಿ ಎರಡನೇ ತರಗತಿಗೇ ಕೂರಿಸಿದರು.

ಕಾರ್ಲ್‌ಗೆ 12 ವರ್ಷ ಆದಾಗ ಮನೆಯವರು ಊರಾಚೆ ಒಂದು ದೊಡ್ಡ ಫಾರಂ ಕೊಂಡು ಅಲ್ಲಿಗೆ ಹೋದರು. ತಂದೆಗೆ ಅದನ್ನ ವೈಜ್ಞಾನಿಕವಾಗಿ ನಡೆಸುವ ಹಠ. ಮಗ ದನಕರು, ಕೋಳಿ, ಕುರಿ ನೋಡಿಕೊಳ್ಳುತ್ತಾ, ಕಾಡಿನಿಂದ ಕಂಬಳಿಹುಳು ತಂದು ಸಾಕಿ, ಅವು ದೊಡ್ಡ ಪತಂಗಗಳಾಗೋದನ್ನ ತಿಂಗಳುಗಟ್ಟಲೆ ಕಾಯುತ್ತಾ ಬೆಳೆದ. 14ನೇ ವಯಸ್ಸಿಗೆ ಜಾನುವಾರು ಮೇವಿನ ಬಗ್ಗೆ ಇದ್ದ ಒಂದು ದಪ್ಪ ಪುಸ್ತಕ ಓದಿ ಮುಗಿಸಿದ. ಒಂದು ಮೇವಿನಿಂದ ಹಾಲು ಹೆಚ್ಚಾಯ್ತು ಅಂತ ಹೇಳಬೇಕಾದರೆ ಆ ಮೇವು ತಿನ್ನದ ಹಸುಗಳ ಗುಂಪೂ ಪಕ್ಕದಲ್ಲಿ ಇರಬೇಕು, ಯಾವ ಹಸು ಯಾವ ಗುಂಪಿಗೆ ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ ಆಗಬೇಕು. ಕಂಟ್ರೋಲ್ ಗ್ರೂಪ್ ಅನ್ನೋ ಈ ವಿಚಾರ ಹುಡುಗನ ತಲೆಗೆ ಹೋಗಿದ್ದು ಹೀಗೆ, ಕೊಟ್ಟಿಗೆಯಲ್ಲಿ. ಅದು ಮುಂದೆ ಎಲ್ಲಿ ಕೆಲಸಕ್ಕೆ ಬಂತು ಅಂತ ಆಮೇಲೆ ನೋಡೋಣ.

ಬ್ರ್ಯಾಂಚ್ ಚೇಂಜ್ ಮೇಲೆ ಬ್ರ್ಯಾಂಚ್ ಚೇಂಜ್

1919ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಕೃಷಿ ವಿಜ್ಞಾನಕ್ಕೆ. ಎರಡು ವರ್ಷ ಆಗೋಷ್ಟರಲ್ಲಿ ಕ್ರೈಸ್ತ ವಿದ್ಯಾರ್ಥಿ ಸಭೆಗಳ ಪ್ರಭಾವದಿಂದ ಪಾದ್ರಿ ಆಗಬೇಕು ಅನ್ನಿಸಿತು, ಅದಕ್ಕೆ ಅನುಕೂಲ ಅಂತ ಇತಿಹಾಸಕ್ಕೆ ಬದಲಾಯಿಸಿಕೊಂಡರು. 1922ರಲ್ಲಿ ಚೀನಾದ ಪೀಕಿಂಗ್‌ನಲ್ಲಿ ನಡೆದ ವಿಶ್ವ ಕ್ರೈಸ್ತ ವಿದ್ಯಾರ್ಥಿ ಸಮ್ಮೇಳನಕ್ಕೆ ಅಮೆರಿಕದಿಂದ ಆಯ್ಕೆಯಾದ ಕೆಲವೇ ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು. ಆರು ತಿಂಗಳಿಗೂ ಹೆಚ್ಚು ಕಾಲದ ಪ್ರವಾಸ. ಮೊದಲ ಮಹಾಯುದ್ಧ ಮುಗಿದು ನಾಲ್ಕು ವರ್ಷ ಆಗಿದ್ದರೂ ಫ್ರೆಂಚರು ಮತ್ತು ಜರ್ಮನ್ನರು, ವ್ಯಕ್ತಿಗಳಾಗಿ ಒಳ್ಳೆಯವರಾಗಿದ್ದೂ, ಒಬ್ಬರನ್ನೊಬ್ಬರು ಸಹಿಸದೇ ಇರೋದನ್ನ ಕಣ್ಣಾರೆ ಕಂಡರು. ಪ್ರಾಮಾಣಿಕರಾದ ಜನ ಪೂರ್ತಿ ಬೇರೆ ಬೇರೆ ನಂಬಿಕೆ ಇಟ್ಟುಕೊಂಡಿರಬಹುದು ಅನ್ನೋದು ಆ 20ರ ಹುಡುಗನಿಗೆ ಹೊಸ ವಿಷಯ.

ಆಗ ವಾಟ್ಸಾಪ್ ಇರಲಿಲ್ಲ ಅನ್ನೋದು ಅವರಿಗೆ ಒಳ್ಳೆಯದೇ ಆಯ್ತು. ಹೊಸ ಯೋಚನೆಗಳನ್ನೆಲ್ಲ ಬರೆದು ಮನೆಗೆ ಕಳಿಸ್ತಿದ್ದರು. ಕಾಗದ ಹಡಗಿನಲ್ಲಿ ಹೋಗಿ ಉತ್ತರ ಬರೋಷ್ಟರಲ್ಲಿ ವಾರಗಟ್ಟಲೆ ಕಳೀತಿತ್ತು. ಅಪ್ಪ ಅಮ್ಮ ಗಾಬರಿಯಾಗಿ ಉತ್ತರ ಬರೆಯೋ ಹೊತ್ತಿಗೆ ಮಗ ಅವರ ನಂಬಿಕೆಗಳಿಂದ ಬಹಳ ದೂರ ಬಂದಿದ್ದ. ಜಗಳವಿಲ್ಲದೆ ನಡೆದ ಬಿಡುಗಡೆ ಅದು.

1924ರಲ್ಲಿ ಇತಿಹಾಸದ ಪದವಿ ಸಿಕ್ಕಿತು. ಆ ಪದವಿಯಲ್ಲಿ ಓದಿದ್ದು ಒಂದೇ ಒಂದು ಮನಶ್ಶಾಸ್ತ್ರದ ಕೋರ್ಸು, ಅದೂ ಅಂಚೆ ಮೂಲಕ! ಅದೇ ವರ್ಷ ಬಾಲ್ಯದ ಗೆಳತಿ ಹೆಲೆನ್ ಎಲಿಯಟ್ ಜೊತೆ ಮದುವೆ. ಮಾಡೆಲ್ ಟಿ ಫೋರ್ಡ್ ಕಾರಿನಲ್ಲಿ ಇಬ್ಬರೂ ನ್ಯೂಯಾರ್ಕ್‌ಗೆ ಹೊರಟು, ಕಾರ್ಲ್ ಅಲ್ಲಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಗೆ ಸೇರಿದರು.

ಅಲ್ಲೊಂದು ವಿಚಿತ್ರ ನಡೆಯಿತು. ಮೇಷ್ಟ್ರುಗಳು ನಮ್ಮ ತಲೆಗೆ ವಿಚಾರಗಳನ್ನ ತುಂಬುತ್ತಿದ್ದಾರೆ, ನಮ್ಮ ಪ್ರಶ್ನೆಗಳಿಗೆ ಜಾಗವೇ ಇಲ್ಲ ಅಂತ ಕೆಲವು ವಿದ್ಯಾರ್ಥಿಗಳಿಗೆ ಅನ್ನಿಸಿತು. ಮೇಷ್ಟ್ರೇ ಇಲ್ಲದ ಒಂದು ಸೆಮಿನಾರ್ ಬೇಕು, ನಮ್ಮ ಪ್ರಶ್ನೆಗಳನ್ನ ನಾವೇ ಚರ್ಚಿಸ್ತೀವಿ ಅಂತ ಅರ್ಜಿ ಹಾಕಿದರು. ಸಂಸ್ಥೆ ಒಪ್ಪಿತು, ಒಂದೇ ಷರತ್ತು: ಒಬ್ಬ ಅಧ್ಯಾಪಕರು ಕೂತಿರ್ತಾರೆ, ಕೇಳಿದರೆ ಮಾತ್ರ ಬಾಯಿ ಬಿಡ್ತಾರೆ. ಆ ಸೆಮಿನಾರ್‌ನಲ್ಲಿ ಪ್ರಾಮಾಣಿಕವಾಗಿ ಯೋಚಿಸಿದ ಬಹಳ ಜನ ಪಾದ್ರಿ ಆಗೋ ದಾರಿಯನ್ನೇ ಬಿಟ್ಟರು, ರೋಜರ್ಸ್ ಕೂಡ. ರಸ್ತೆ ದಾಟಿದರೆ ಎದುರಿಗೇ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು. ದಾಟಿದರು. ಅಲ್ಲಿ ಮನಶ್ಶಾಸ್ತ್ರ ಸಿಕ್ಕಿತು. 1931ರಲ್ಲಿ ಮಕ್ಕಳ ವ್ಯಕ್ತಿತ್ವವನ್ನ ಅಳೆಯುವ ಒಂದು ಪರೀಕ್ಷೆಯ ಮೇಲೆ ಪಿಎಚ್‌ಡಿ ಮುಗಿಸಿದರು.

ಬಾಗಿಲವರೆಗೆ ಹೋಗಿ ತಿರುಗಿದ ತಾಯಿ

ಪಿಎಚ್‌ಡಿ ಮುಗಿಯೋ ಮೊದಲೇ, 1928ರಲ್ಲಿ, ಕೆಲಸ ಸಿಕ್ಕಿತ್ತು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಎಂಬ ಊರಿನಲ್ಲಿ, ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘದಲ್ಲಿ. ವರ್ಷಕ್ಕೆ 2,900 ಡಾಲರ್ ಸಂಬಳ. ಹೆಂಡತಿ, ಕೈಗೂಸು, ಇನ್ನೊಂದು ಹೊಟ್ಟೆಯಲ್ಲಿ. ಬೆಳೆಯೋಕೆ ಅವಕಾಶ ಇಲ್ಲದ ಜಾಗ, ವಿಶ್ವವಿದ್ಯಾಲಯದಿಂದ ದೂರ ಆಗಿಬಿಡ್ತೀಯ ಅಂತ ತಿಳಿದವರು ಎಚ್ಚರಿಸಿದ್ದರು. ರೋಜರ್ಸ್ ಅಲ್ಲಿ 12 ವರ್ಷ ಇದ್ದರು. ಕಳ್ಳತನ ಮಾಡಿದ, ಮನೆ ಬಿಟ್ಟು ಓಡಿದ, ಏಟು ತಿಂದ, ಕೋರ್ಟು ಕಳಿಸಿದ ಮಕ್ಕಳು ದಿನವೂ ಬರ್ತಿದ್ದರು. ಮುಂದೆ ಅವರು ಹೇಳಿದ್ದೆಲ್ಲ ಹುಟ್ಟಿದ್ದು ಇಲ್ಲಿ.

ಶುರುವಿನಲ್ಲಿ ಅವರೂ ಎಲ್ಲರ ಹಾಗೆ ತಜ್ಞರೇ. ಪರೀಕ್ಷೆ ಮಾಡು, ಕಾರಣ ಹುಡುಕು, ಪರಿಹಾರ ಹೇಳು. ಬೆಂಕಿ ಹಚ್ಚುವ ಚಟ ಇದ್ದ ಒಬ್ಬ ಹುಡುಗ ಬಂದಿದ್ದ. ದೊಡ್ಡ ತಜ್ಞರ ಪುಸ್ತಕ ಹೇಳಿದ ಪ್ರಕಾರವೇ ಅವನ ಮನಸ್ಸಿನ ಹಿಂದಿನ ಕಾರಣವನ್ನ ಅಗೆದು ತೆಗೆದು ತೋರಿಸಿದರು. ಸಿದ್ಧಾಂತದ ಪ್ರಕಾರ ಕೇಸು ಮುಗಿದಿರಬೇಕು. ಹುಡುಗ ಹೊರಗೆ ಹೋಗಿ ಮತ್ತೆ ಬೆಂಕಿ ಹಚ್ಚಿದ. ಪುಸ್ತಕದಲ್ಲಿದ್ದದ್ದೂ ತಪ್ಪಿರಬಹುದು ಅಂತ ಆಗ ಅರ್ಥವಾಯ್ತು.

ಇನ್ನೊಂದು ಕೇಸು ಅವರ ದಾರಿಯನ್ನೇ ತಿರುಗಿಸಿತು. ಮಗ ಮಹಾ ತಂಟೆಕೋರ, ತಾಯಿ ಬುದ್ಧಿವಂತೆ. ಸಣ್ಣ ವಯಸ್ಸಿನಲ್ಲಿ ತಾಯಿ ಮಗನನ್ನ ದೂರ ಮಾಡಿದ್ದೇ ಸಮಸ್ಯೆಯ ಬೇರು ಅಂತ ರೋಜರ್ಸ್‌ಗೆ ಖಚಿತವಾಗಿತ್ತು. ಆ ವಿಷಯವನ್ನ ಆಕೆಗೆ ಮನದಟ್ಟು ಮಾಡೋಕೆ ಭೇಟಿಯ ಮೇಲೆ ಭೇಟಿ ನಯವಾಗಿ ಪ್ರಯತ್ನಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ, ಇಬ್ಬರೂ ಪ್ರಯತ್ನಪಟ್ಟೆವು, ಆಗಲಿಲ್ಲ, ಇಲ್ಲಿಗೆ ನಿಲ್ಲಿಸೋಣ ಅಂತ ಒಪ್ಪಿಕೊಂಡು ಕೈ ಕುಲುಕಿದರು. ಆಕೆ ಬಾಗಿಲವರೆಗೆ ಹೋಗಿ ತಿರುಗಿ ನೋಡಿ, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಕೊಡ್ತೀರಾ ಅಂತ ಕೇಳಿದರು. ಹೌದು ಅಂದಾಗ, ನನಗೇ ಬೇಕು ಅಂತ ವಾಪಸ್ ಬಂದು ಕುರ್ಚಿ ಮೇಲೆ ಕೂತು ತಮ್ಮ ಮದುವೆಯ ಕಷ್ಟ, ಗಂಡನ ಜೊತೆಗಿನ ದೂರ, ತಾನು ಸೋತೆ ಅನ್ನೋ ಸಂಕಟ ಎಲ್ಲಾ ಹೇಳಿಕೊಂಡರು. ಅಷ್ಟು ವಾರ ಫೈಲಿನಲ್ಲಿ ಬರೆದಿಟ್ಟ ಒಣ ಕೇಸ್ ಹಿಸ್ಟರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ರೋಜರ್ಸ್‌ಗೆ ಏನು ಮಾಡಬೇಕು ಅಂತ ತೋಚಲಿಲ್ಲ, ಹಾಗಾಗಿ ಕೇಳಿಸಿಕೊಂಡರು. ಮುಂದಿನ ಭೇಟಿಗಳಲ್ಲಿ ಸಂಸಾರವೂ ಸುಧಾರಿಸಿತು, ಮಗನ ತಂಟೆಯೂ ಇಳಿಯಿತು.

ಎಲ್ಲಿ ನೋವಾಗ್ತಿದೆ, ಯಾವ ಕಡೆ ಹೋಗಬೇಕು ಅನ್ನೋದು ಬಂದವರಿಗೇ ಗೊತ್ತಿರುತ್ತೆ, ನಾನು ಜಾಣತನ ತೋರಿಸೋ ಅಗತ್ಯ ಇಲ್ಲ ಅನ್ನೋದು ರೋಜರ್ಸ್ ಈ ಕೇಸಿನಿಂದ ತೆಗೆದುಕೊಂಡ ಪಾಠ. 1936ರಲ್ಲಿ ಒಟ್ಟೋ ರಾಂಕ್ ಎಂಬ ಹೆಸರಾಂತ ಚಿಕಿತ್ಸಕರು ರೋಚೆಸ್ಟರ್‌ಗೆ ಬಂದು ಉಪನ್ಯಾಸ ಕೊಟ್ಟದ್ದು ಈ ಯೋಚನೆಗೆ ಇನ್ನಷ್ಟು ಬಲ ಕೊಟ್ಟಿತು.

ಮುಚ್ಚಿದ ಕೋಣೆಗೆ ಮೈಕ್ ಬಂತು

1940ರಲ್ಲಿ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಇವರನ್ನ ನೇರವಾಗಿ ಪ್ರೊಫೆಸರ್ ಆಗಿ ಕರೆಯಿತು. ಆ ವರ್ಷ ಡಿಸೆಂಬರ್ 11ರಂದು ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ. ಸಲಹೆ ಕೊಡೋದು, ಬುದ್ಧಿ ಹೇಳೋದು, ಮನಸ್ಸಿನ ಅರ್ಥ ಬಿಡಿಸಿ ಹೇಳೋದು ಇವೆಲ್ಲ ಹಳೆಯ ಪದ್ಧತಿ ಅಂತ ಅಲ್ಲಿ ವಾದಿಸಿದರು. ಆ ವಿಶ್ವವಿದ್ಯಾಲಯವೋ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಪದ್ಧತಿಗೇ ಹೆಸರುವಾಸಿ! ಸಭೆಯಲ್ಲಿ ಗದ್ದಲವೇ ಎದ್ದಿತು. ತಮ್ಮ ಚಿಕಿತ್ಸಾ ಪದ್ಧತಿ ಹುಟ್ಟಿದ ದಿನ ಅದೇ ಅಂತ ರೋಜರ್ಸ್ ಆಮೇಲೆ ಗುರುತಿಸಿಕೊಂಡರು.

ನಮಗೆ, ಅಂದರೆ ಲ್ಯಾಬ್ ಜನಕ್ಕೆ, ಇದಕ್ಕಿಂತ ರುಚಿಸೋ ವಿಷಯ ಇನ್ನೊಂದಿದೆ. ಅಲ್ಲಿಯವರೆಗೆ ಚಿಕಿತ್ಸೆಯ ಕೋಣೆಯಲ್ಲಿ ಏನಾಗುತ್ತೆ ಅಂತ ಹೊರಗಿನವರಿಗೆ ಗೊತ್ತಾಗೋ ದಾರಿ ಇರಲಿಲ್ಲ. ಚಿಕಿತ್ಸಕರು ಆಮೇಲೆ ನೆನಪಿನಿಂದ ಬರೆದದ್ದೇ ದಾಖಲೆ. ಡೇಟಾ ಇಲ್ಲದ ರಿಪೋರ್ಟು! ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು ಬಂದವರ ಒಪ್ಪಿಗೆ ಪಡೆದು ಮೈಕ್ ಇಟ್ಟರು. ಆಗ ಟೇಪ್ ರೆಕಾರ್ಡರ್ ಕೈಗೆ ಸಿಗ್ತಿರಲಿಲ್ಲ, 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಮೇಲೆ ಧ್ವನಿ ಕೊರೀಬೇಕು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಅಷ್ಟೇ. ಒಂದು ತಟ್ಟೆ ತುಂಬೋಷ್ಟರಲ್ಲಿ ಇನ್ನೊಂದು ಯಂತ್ರದಲ್ಲಿ ಮುಂದಿನ ತಟ್ಟೆ ತಯಾರಿರಬೇಕು. ಒಂದು ಗಂಟೆಯ ಮಾತುಕತೆಗೆ ಎಷ್ಟು ತಟ್ಟೆ ಅಂತ ನೀವೇ ಲೆಕ್ಕ ಹಾಕಿ.

1942ರಲ್ಲಿ ಬಂದ ಅವರ ಪುಸ್ತಕದಲ್ಲಿ ಹರ್ಬರ್ಟ್ ಬ್ರಯನ್ ಎಂಬ ಬದಲಿ ಹೆಸರಿನ ವ್ಯಕ್ತಿಯ ಎಂಟೂ ಭೇಟಿಗಳು ಒಂದಕ್ಷರ ಬಿಡದೆ ಅಚ್ಚಾದವು. ಪೂರ್ತಿ ಚಿಕಿತ್ಸೆಯೊಂದು ಹೀಗೆ ಮೊದಲಿನಿಂದ ಕೊನೆವರೆಗೆ ಅಚ್ಚಾಗಿದ್ದು ಅದೇ ಮೊದಲು. ಸಮಾಲೋಚಕ ಎಲ್ಲಿ ಎಡವಿದ ಅನ್ನೋದೂ ಓದುಗರಿಗೆ ಕಾಣುವ ಹಾಗಿತ್ತು. ವಿದ್ಯಾರ್ಥಿಗಳು ತಮ್ಮದೇ ಧ್ವನಿ ಕೇಳಿ, ನಾನು ಇಷ್ಟೊಂದು ಮಾತಾಡ್ತೀನಾ ಅಂತ ಬೆಚ್ಚಿಬೀಳ್ತಿದ್ದರು. ಸಮಾಲೋಚನೆಯ ಕೌಶಲವನ್ನ ಕ್ಲಾಸಿನಲ್ಲಿ ಕಲಿಸುವ ಈಗಿನ ರೀತಿ, ಅಂದರೆ ಮಾತುಕತೆ ರೆಕಾರ್ಡ್ ಮಾಡು, ಗುರುಗಳ ಜೊತೆ ಕೂತು ಕೇಳು, ತಿದ್ದಿಕೋ ಅನ್ನೋದು, ಬೆಳೆದದ್ದು ಆ ತಟ್ಟೆಗಳಿಂದಲೇ. ರೋಗಿ ಅನ್ನೋ ಪದದ ಬದಲು ಕ್ಲೈಂಟ್ ಅನ್ನೋ ಪದ ಬಳಕೆಗೆ ಬಂದದ್ದರಲ್ಲೂ ಇವರ ಪಾಲು ದೊಡ್ಡದು.

ಕೊಟ್ಟಿಗೆಯ ಪಾಠ ಮತ್ತು ಮೂರು ಗುಣ

1945ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲೊಂದು ಸಮಾಲೋಚನಾ ಕೇಂದ್ರ ಕಟ್ಟಿದರು. ಈ ಪದ್ಧತಿ ನಿಜಕ್ಕೂ ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆಗೆ ಬರೀ ನಂಬಿಕೆಯಿಂದ ಉತ್ತರ ಕೊಡೋಕೆ ಅವರು ತಯಾರಿರಲಿಲ್ಲ. 14ನೇ ವಯಸ್ಸಿನಲ್ಲಿ ಓದಿದ ಮೇವಿನ ಪುಸ್ತಕ ಇಲ್ಲಿ ಕೈ ಹಿಡಿಯಿತು. ಚಿಕಿತ್ಸೆ ಪಡೆದವರ ಜೊತೆಗೆ ಪಡೆಯದವರ ಗುಂಪು, ಚಿಕಿತ್ಸೆಗೆ ಮುಂಚೆ ಕೆಲವರನ್ನ 60 ದಿನ ಕಾಯಿಸಿ ಆ ಅವಧಿಯಲ್ಲಿ ತಾನಾಗೇ ಬದಲಾವಣೆ ಆಗುತ್ತಾ ಅಂತ ನೋಡೋದು, ತಾನು ಹೇಗಿದ್ದೀನಿ ಮತ್ತು ಹೇಗಿರಬೇಕು ಅಂತ ಅಂದುಕೊಂಡಿದ್ದೀನಿ ಅನ್ನೋದರ ಅಂತರವನ್ನ ಸಂಖ್ಯೆಯಲ್ಲಿ ಅಳೆಯೋದು, ಹೀಗೆ ಎಲ್ಲವನ್ನೂ ಲೆಕ್ಕಕ್ಕೆ ತಂದರು. 1956ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘ ಮೊದಲ ಸಲ ವೈಜ್ಞಾನಿಕ ಕೊಡುಗೆಗಾಗಿ ಮೂವರಿಗೆ ಪ್ರಶಸ್ತಿ ಕೊಟ್ಟಾಗ ಅದರಲ್ಲಿ ರೋಜರ್ಸ್ ಹೆಸರೂ ಇತ್ತು. ಸುದ್ದಿ ಕೇಳಿ ಅವರಿಗೆ ಗಂಟಲು ಕಟ್ಟಿ ಅಳು ಬಂತಂತೆ.

1957ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು ತಮ್ಮ ಅನುಭವವನ್ನೆಲ್ಲ ಸೋಸಿ, ಮನುಷ್ಯ ಬದಲಾಗೋಕೆ ಏನೇನು ಬೇಕು ಅಂತ ಪಟ್ಟಿ ಮಾಡಿದರು. ಅದರಲ್ಲಿ ಸಮಾಲೋಚಕರಿಗೆ ಸಂಬಂಧಪಟ್ಟವು ಮೂರು. ಒಂದು, ಮುಖವಾಡ ಇಲ್ಲದ ಪ್ರಾಮಾಣಿಕತೆ. ಎರಡು, ಷರತ್ತಿಲ್ಲದ ಗೌರವ, ಅಂದರೆ ನೀನು ಹೀಗಿದ್ದರೆ ಮಾತ್ರ ನನಗೆ ಇಷ್ಟ ಅನ್ನೋ ಲೆಕ್ಕ ಇಲ್ಲದಿರೋದು. ಮೂರು, ಎದುರಿನವರ ಕಣ್ಣಿನಿಂದ ಲೋಕವನ್ನ ನೋಡಿ, ನೋಡಿದ್ದು ಸರಿಯಾ ಅಂತ ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳುವ ಸಹಾನುಭೂತಿ.

ನಮ್ಮದೇ ಉದಾಹರಣೆ ಇಟ್ಟು ನೋಡೋಣ. ಗೆಳೆಯ ಬಂದು, ಎಂ ತ್ರೀ ಮತ್ತೆ ಹೋಯ್ತು, ಊರಿಗೆ ಹೋಗೋಕೇ ಮನಸ್ಸಿಲ್ಲ ಅಂತಾನೆ. ಮುಂದಿನ ಸಲ ಪಾಸ್ ಆಗ್ತೀಯ ಬಿಡು ಅನ್ನೋದು ಸಮಾಧಾನ. ಯೂಟ್ಯೂಬ್‌ನಲ್ಲಿ ಆ ಪ್ಲೇಲಿಸ್ಟ್ ನೋಡು ಅನ್ನೋದು ಸಲಹೆ. ನನಗೆ ಎರಡು ಹೋಗಿತ್ತು ಗೊತ್ತಾ ಅನ್ನೋದು ನಮ್ಮ ಕಥೆ. ಈ ಮೂರರಲ್ಲೂ ಅವನು ಹೇಳಿದ ಎರಡನೇ ಭಾಗ, ಊರಿಗೆ ಹೋಗೋಕೆ ಮನಸ್ಸಿಲ್ಲ ಅನ್ನೋದು, ನೆಲಕ್ಕೆ ಬಿದ್ದು ಹೋಯ್ತು. ರೋಜರ್ಸ್ ದಾರಿಯಲ್ಲಾದರೆ ಅದನ್ನೇ ಎತ್ತಿಕೊಳ್ಳಬೇಕು: ಸಬ್ಜೆಕ್ಟ್ ಹೋಗಿದ್ದಕ್ಕಿಂತ ಮನೆಯವರ ಮುಂದೆ ನಿಲ್ಲೋದೇ ಕಷ್ಟ ಅನ್ನಿಸ್ತಿದೆಯಾ? ಹೌದು ಅಂದರೆ ಮಾತು ಮುಂದುವರಿಯುತ್ತೆ. ಅಲ್ಲ ಅಂದರೂ ಮುಂದುವರಿಯುತ್ತೆ, ಯಾಕಂದರೆ ಏನು ಅಂತ ಅವನೇ ಹೇಳ್ತಾನೆ.

ಇದೆಲ್ಲದರ ಬುಡದಲ್ಲಿ ಅವರದೊಂದು ನಂಬಿಕೆ ಇತ್ತು. ಬಾಲ್ಯದ ಮನೆಯ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆ ಅಂತ ಆಲೂಗಡ್ಡೆ ತುಂಬಿಡ್ತಿದ್ದರು. ಮಣ್ಣಿಲ್ಲ, ನೀರಿಲ್ಲ, ಮೇಲೆಲ್ಲೋ ಒಂದು ಸಣ್ಣ ಕಿಟಕಿ. ಆದರೂ ಅವು ಬಿಳಿಚಿಕೊಂಡ ಮೊಳಕೆ ಬಿಟ್ಟು, ಎರಡು ಮೂರು ಅಡಿ ಉದ್ದಕ್ಕೆ ಆ ಕಿಟಕಿಯ ಬೆಳಕಿನ ಕಡೆಗೇ ಚಾಚಿಕೊಳ್ತಿದ್ದವು. ಬದುಕು ಸೊಟ್ಟಗಾದ ಮನುಷ್ಯರನ್ನ ನೋಡಿದಾಗೆಲ್ಲ ರೋಜರ್ಸ್‌ಗೆ ಆ ಮೊಳಕೆ ನೆನಪಾಗ್ತಿತ್ತು. ಆಕಾರ ವಿಚಿತ್ರವಾಗಿದ್ದರೂ ಅದು ಬೆಳಕಿಗಾಗಿ ನಡೆಸಿದ ಪ್ರಯತ್ನವೇ ಅಂತ.

ಕೇಳುವವರೇ ಕುಸಿದಾಗ

ಇಷ್ಟಕ್ಕೆ ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆಗುತ್ತೆ. ಷಿಕಾಗೋದಲ್ಲಿ ಇದ್ದಾಗಲೇ, 1949ರ ಆಸುಪಾಸಿನಲ್ಲಿ, ತೀವ್ರ ಮಾನಸಿಕ ತೊಂದರೆ ಇದ್ದ ಒಬ್ಬ ಮಹಿಳೆಗೆ ರೋಜರ್ಸ್ ಚಿಕಿತ್ಸೆ ಕೊಡ್ತಿದ್ದರು. ಸಹಾಯ ಮಾಡಲೇಬೇಕು ಅನ್ನೋ ಹಟದಲ್ಲಿ ಆಕೆಯ ಸಂಕಟ ಎಲ್ಲಿ ಮುಗಿಯುತ್ತೆ, ತಮ್ಮದು ಎಲ್ಲಿ ಶುರುವಾಗುತ್ತೆ ಅನ್ನೋ ಗೆರೆಯೇ ಅಳಿಸಿಹೋಯ್ತು. ಕೊನೆಗೆ ಆಕೆಯನ್ನ ಒಬ್ಬ ಮನೋವೈದ್ಯರಿಗೆ ಒಪ್ಪಿಸಿ, ಇದ್ದಕ್ಕಿದ್ದ ಹಾಗೆ ಹೆಲೆನ್ ಜೊತೆ ಕಾರು ಹತ್ತಿ ಊರು ಬಿಟ್ಟರು. ಎರಡು ಮೂರು ತಿಂಗಳು ವಾಪಸ್ ಬರಲಿಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿದ್ದವರು, ಸಮಾಲೋಚನೆಯ ಪಾಠವನ್ನೇ ಬರೆದವರು, ತಾವೇ ನಿಷ್ಪ್ರಯೋಜಕ ಅಂತ ನಂಬಿಕೊಂಡಿದ್ದರು.

ಮರಳಿ ಬಂದ ಮೇಲೂ ಸರಿಹೋಗಲಿಲ್ಲ. ತಮ್ಮ ಕೈಕೆಳಗೆ ಕಲಿತ ಒಬ್ಬ ಸಹೋದ್ಯೋಗಿಯೇ ಮುಂದೆ ಬಂದು, ನಾನು ಕೇಳಿಸಿಕೊಳ್ತೀನಿ ಅಂದಾಗ ಒಪ್ಪಿಕೊಂಡು ಅವರ ಎದುರು ಕ್ಲೈಂಟ್ ಆಗಿ ಕೂತರು. ಎಲ್ಲರಿಗೂ ಷರತ್ತಿಲ್ಲದ ಗೌರವ ಕೊಟ್ಟವರಿಗೆ ಅದನ್ನ ತಾವು ತಗೊಳ್ಳೋದು ಅಷ್ಟು ಕಷ್ಟವಾಗಿತ್ತು. ಆಮೇಲೆ ಈ ವಿಷಯವನ್ನ ಮುಚ್ಚಿಡದೆ ಬರೆದುಕೊಂಡರು. ಗೆಳೆಯರ ಕಷ್ಟವನ್ನೆಲ್ಲ ರಾತ್ರಿ ಎರಡು ಗಂಟೆವರೆಗೆ ಹೊತ್ತುಕೊಳ್ಳುವ ಒಬ್ಬರಾದರೂ ನಮ್ಮ ಪ್ರತಿ ಬ್ಯಾಚ್‌ನಲ್ಲಿ ಇರ್ತಾರೆ. ಅವರು ಈ ಭಾಗವನ್ನ ಎರಡು ಸಲ ಓದಬೇಕು ಅಂತ ನಮ್ಮ ಕೋರಿಕೆ.

ಇನ್ನೊಂದು ಸೋಲು ವಿಸ್ಕಾನ್ಸಿನ್‌ನಲ್ಲಿ. 1957ರಲ್ಲಿ ತಾವು ಓದಿದ ಅದೇ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಹೋಗಿ, ಸ್ಕಿಜೋಫ್ರೀನಿಯಾ ಇದ್ದವರಿಗೆ ತಮ್ಮ ಪದ್ಧತಿ ಸಹಾಯ ಮಾಡುತ್ತಾ ಅಂತ ಮೆಂಡೋಟಾ ಆಸ್ಪತ್ರೆಯಲ್ಲಿ ದೊಡ್ಡ ಅಧ್ಯಯನ ಶುರು ಮಾಡಿದರು. ತಂಡದೊಳಗೆ ಜಗಳ, ಅಪನಂಬಿಕೆ, ನಡುವೆ ಡೇಟಾ ಕಾಣೆಯಾದ ಪ್ರಕರಣ ಬೇರೆ. ಕೊನೆಗೆ ಬಂದ ಫಲಿತಾಂಶದಲ್ಲಿ ಚಿಕಿತ್ಸೆ ಪಡೆದ ಗುಂಪಿಗೂ ಪಡೆಯದ ಗುಂಪಿಗೂ ಒಟ್ಟಾರೆ ದೊಡ್ಡ ವ್ಯತ್ಯಾಸ ಇರಲಿಲ್ಲ. ಸಹಾನುಭೂತಿ ಹೆಚ್ಚಿದ್ದ ಕಡೆ ಮಾತ್ರ ಸ್ವಲ್ಪ ಸುಧಾರಣೆ ಕಂಡಿತು. ಕೇಳಿಸಿಕೊಳ್ಳೋದರಿಂದ ಎಲ್ಲವೂ ವಾಸಿಯಾಗಲ್ಲ ಅಂತ ಅವರ ಕಂಟ್ರೋಲ್ ಗ್ರೂಪೇ ಹೇಳಿತು.

ಅಲ್ಲಿನ ಮನಶ್ಶಾಸ್ತ್ರ ವಿಭಾಗದ ಜೊತೆಗೂ ಅವರಿಗೆ ಸರಿಬರಲಿಲ್ಲ. ಪಿಎಚ್‌ಡಿ ವಿದ್ಯಾರ್ಥಿಗಳನ್ನ ಪರೀಕ್ಷೆ ಮೇಲೆ ಪರೀಕ್ಷೆ ಇಟ್ಟು ಹೊರಗೆ ತಳ್ಳೋದೇ ಗುಣಮಟ್ಟ ಅಂತ ವಿಭಾಗ ನಂಬಿತ್ತು. ಭಯದಲ್ಲಿ ಓದಿದವನಲ್ಲಿ ಹೊಸ ಯೋಚನೆ ಹುಟ್ಟೋದಾದರೂ ಹೇಗೆ ಅನ್ನೋದು ರೋಜರ್ಸ್ ವಾದ. ಇದನ್ನೇ ಲೇಖನ ಮಾಡಿ ಕಳಿಸಿದರೆ ವೃತ್ತಿಪತ್ರಿಕೆ ತಿರಸ್ಕರಿಸಿತು. ವಿದ್ಯಾರ್ಥಿಗಳು ಅದರ ಪ್ರತಿ ತೆಗೆದು ಕೈಯಿಂದ ಕೈಗೆ ಹಂಚಿದರು. 1963ರಲ್ಲಿ ಅವರು ಆ ವಿಭಾಗಕ್ಕೆ ರಾಜೀನಾಮೆ ಕೊಟ್ಟು, ಆಮೇಲೆ ಕ್ಯಾಲಿಫೋರ್ನಿಯಾದ ಲಾ ಹೋಯಾ ಎಂಬ ಕಡಲ ತೀರದ ಊರಿಗೆ ಹೋದರು. ಮತ್ತೆ ಖಾಯಂ ವಿಶ್ವವಿದ್ಯಾಲಯ ಕೆಲಸಕ್ಕೆ ಮರಳಲಿಲ್ಲ. 1969ರಲ್ಲಿ ಬಂದ ಅವರ ಶಿಕ್ಷಣದ ಪುಸ್ತಕದಲ್ಲಿ ಆ ತಿರಸ್ಕೃತ ಲೇಖನವೂ ಅಚ್ಚಾಯ್ತು.

ಗಿಣಿಪಾಠ ಮಾಡಿದ ಕಂಪ್ಯೂಟರ್

ಈಗ ಸಿಎಸ್ ಬ್ರ್ಯಾಂಚ್‌ನವರು ಕಾಯ್ತಿದ್ದ ಭಾಗ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನೋ ಪ್ರೋಗ್ರಾಮನ್ನ ಪ್ರಕಟಿಸಿದರು. ಅದರ ಅತಿ ಪ್ರಸಿದ್ಧ ರೂಪ ನಟಿಸ್ತಿದ್ದದ್ದು ರೋಜರ್ಸ್ ಪಂಥದ ಸಮಾಲೋಚಕನ ಪಾತ್ರ. ಟೈಪ್ ಮಾಡಿದ ವಾಕ್ಯದಲ್ಲಿ ಒಂದು ಕೀವರ್ಡ್ ಹಿಡಿ, ನಾನು ಅನ್ನೋದನ್ನ ನೀವು ಮಾಡು, ಕೊನೆಗೆ ಪ್ರಶ್ನೆಚಿಹ್ನೆ ಹಾಕು. ಪ್ರಪಂಚದ ಬಗ್ಗೆ ಏನೂ ಗೊತ್ತಿಲ್ಲದೆ ಮಾತು ಮುಂದುವರಿಸಬಹುದಾದ ಪಾತ್ರ ಅಂತಲೇ ಅದನ್ನ ಆರಿಸಿಕೊಂಡಿದ್ದು. ಆದರೆ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದ ಅವರ ಸೆಕ್ರೆಟರಿಯೇ ಅದರ ಜೊತೆ ಸ್ವಲ್ಪ ಹೊತ್ತು ಟೈಪ್ ಮಾಡಿದ ಮೇಲೆ, ನೀವು ಕೋಣೆಯಿಂದ ಹೊರಗೆ ಹೋಗ್ತೀರಾ ಅಂತ ಕೇಳಿದರಂತೆ. ವೈಜೆನ್‌ಬಾಮ್ ಗಾಬರಿಯಾದರು. ಹತ್ತು ವರ್ಷದ ನಂತರ, ಕಂಪ್ಯೂಟರ್‌ಗೆ ಯಾವ ಕೆಲಸ ಒಪ್ಪಿಸಬಾರದು ಅಂತ ಒಂದು ಪುಸ್ತಕವನ್ನೇ ಬರೆದರು.

ಎದುರಿನವರ ಕೊನೆಯ ಪದಗಳನ್ನ ಗಿಣಿಯ ಹಾಗೆ ತಿರುಗಿ ಹೇಳೋದೇ ರೋಜರ್ಸ್ ವಿಧಾನ ಅಂತ ಬಹಳ ಜನ ಅಂದುಕೊಂಡಿದ್ದರು, ಇವತ್ತಿಗೂ ಅಂದುಕೊಂಡಿದ್ದಾರೆ. ಇದು ಅವರಿಗೆ ಜೀವನವಿಡೀ ಕಿರಿಕಿರಿ. ಪದ ತಿರುಗಿಸೋದು ತಂತ್ರ, ಸರಿಯಾಗಿ ಅರ್ಥ ಮಾಡಿಕೊಂಡಿದ್ದೀನಾ ಅಂತ ನಿಜವಾಗಿ ತಿಳಿಯಬಯಸೋದು ಬೇರೆ ಅಂತ ಅವರು ಕೊನೆವರೆಗೂ ವಾದಿಸಿದರು. ಈಗ ನಮ್ಮಲ್ಲಿ ಎಷ್ಟೋ ಜನ ನಡುರಾತ್ರಿ ಮನಸ್ಸಿನ ಮಾತನ್ನ ಚಾಟ್‌ಬಾಟ್‌ಗೆ ಹೇಳಿಕೊಳ್ತಾರೆ. ಅದು ಎಲೈಜಾಗಿಂತ ಸಾವಿರ ಪಾಲು ಜಾಣ, ಬೈಯೋದಿಲ್ಲ, ಬೇಜಾರಾಗೋದಿಲ್ಲ, ಬೇರೆಯವರಿಗೆ ಹೇಳಿ ನಗೋದಿಲ್ಲ. ಅಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತೆ. ಪಕ್ಕದ ರೂಮಿನಲ್ಲಿ ನಾವಿದ್ದೂ ಅವರು ಯಂತ್ರದ ಹತ್ತಿರ ಹೋಗಿದ್ದು ಯಾಕೆ?

ಕೊನೆಯ ವರ್ಷಗಳು

ವಯಸ್ಸಾದ ಹಾಗೆ ರೋಜರ್ಸ್ ಒಬ್ಬೊಬ್ಬರನ್ನ ಕೇಳಿಸಿಕೊಳ್ಳೋದರಿಂದ ಗುಂಪುಗಳ ಕಡೆ ಹೋದರು. ಅವರು ನಡೆಸಿಕೊಟ್ಟ ಇಂಥ ಒಂದು ಗುಂಪಿನ ಮೇಲೆ ತೆಗೆದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು. 1970ರ ದಶಕದಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಕ್ಯಾಥೊಲಿಕರು ಮತ್ತು ಪ್ರೊಟೆಸ್ಟೆಂಟರನ್ನ ಒಂದೇ ಕೋಣೆಯಲ್ಲಿ ಕೂರಿಸಿದರು. 1982ರಲ್ಲಿ ವರ್ಣಭೇದ ಇನ್ನೂ ಜಾರಿಯಲ್ಲಿದ್ದ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನೂ ಬಿಳಿಯರನ್ನೂ ಎದುರುಬದುರು ಕೂರಿಸಿ ಮಾತಾಡಿಸಿದರು. 84ನೇ ವಯಸ್ಸಿನಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ಬಂದರು. ಇದರಿಂದ ಯುದ್ಧಗಳು ನಿಂತವು ಅಂತ ನಾವು ಹೇಳೋಲ್ಲ. 20ನೇ ವಯಸ್ಸಿನಲ್ಲಿ ಕಂಡ ಫ್ರೆಂಚ್ ಮತ್ತು ಜರ್ಮನ್ ದ್ವೇಷದ ಪ್ರಶ್ನೆಯನ್ನ ಅವರು 80 ದಾಟಿದ ಮೇಲೂ ಬಿಟ್ಟಿರಲಿಲ್ಲ ಅನ್ನೋದಷ್ಟೇ ನಮಗೆ ಕಾಣೋದು.

ಹೆಲೆನ್ ದೀರ್ಘ ಕಾಯಿಲೆಯ ನಂತರ 1979ರಲ್ಲಿ ತೀರಿಕೊಂಡರು. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರನ್ನೇ ಕೇಳಿ ಮಾಡಿದ ಸಮೀಕ್ಷೆಯೊಂದರಲ್ಲಿ, ಅತಿ ಹೆಚ್ಚು ಪ್ರಭಾವ ಬೀರಿದ ಚಿಕಿತ್ಸಕ ಯಾರು ಅನ್ನೋದಕ್ಕೆ ರೋಜರ್ಸ್ ಹೆಸರು ಮೊದಲು ಬಂತು, ಫ್ರಾಯ್ಡ್‌ಗಿಂತಲೂ ಮೇಲೆ. 1987ರಲ್ಲಿ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗೇ ಆಯ್ತು, ಆದರೆ ಹೃದಯ ತಡೆಯಲಿಲ್ಲ. ಫೆಬ್ರವರಿ 4ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮಗೆ ಉಳಿದದ್ದು

ಈ ಲೇಖನ ಓದಿ ನಾವ್ಯಾರೂ ಸಮಾಲೋಚಕರಾಗಿಬಿಡೋದಿಲ್ಲ. ಅದಕ್ಕೆ ವರ್ಷಗಟ್ಟಲೆ ಓದಬೇಕು, ಗುರುಗಳ ಕಣ್ಣಳತೆಯಲ್ಲಿ ಅಭ್ಯಾಸ ಮಾಡಬೇಕು, ಯಾವಾಗ ಕೈ ದಾಟಿತು ಅಂತ ಗುರುತಿಸೋದು ಕಲಿಯಬೇಕು. ಗೆಳೆಯರಲ್ಲಿ ಯಾರಾದರೂ ನಿದ್ದೆ ಊಟ ಬಿಟ್ಟಿದ್ದರೆ, ಬದುಕು ಸಾಕು ಅನ್ನೋ ಧಾಟಿಯಲ್ಲಿ ಮಾತಾಡ್ತಿದ್ದರೆ, ಅದನ್ನ ಗುಟ್ಟಾಗಿ ಇಟ್ಟುಕೊಳ್ಳಬೇಡಿ. ಒಬ್ಬ ಹಿರಿಯರಿಗೆ ಹೇಳಿ, ತಜ್ಞರ ಹತ್ತಿರ ಜೊತೆಗೆ ಹೋಗಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ರೋಜರ್ಸ್ ಕೂಡ ತಮ್ಮ ಕೈಲಾಗದಾಗ ವೈದ್ಯರ ಹತ್ತಿರ ಕಳಿಸಿದರು, ತಮಗೇ ಕಷ್ಟ ಬಂದಾಗ ಇನ್ನೊಬ್ಬರ ಎದುರು ಕೂತರು.

ಅಷ್ಟು ದೊಡ್ಡದಲ್ಲದ ದಿನಗಳಿಗೆ, ಅಂದರೆ ಬಹುತೇಕ ದಿನಗಳಿಗೆ, ಅವರಿಂದ ಒಂದು ಅಭ್ಯಾಸವನ್ನ ಇವತ್ತೇ ಎರವಲು ತರಬಹುದು. ಯಾರಾದರೂ ಕಷ್ಟ ಹೇಳಿಕೊಂಡಾಗ ಮೊದಲ ಐದು ನಿಮಿಷ ಸಲಹೆ ಕೊಡಬೇಡಿ, ನಿಮ್ಮ ಕಥೆ ಹೇಳಬೇಡಿ. ಅವರು ಹೇಳಿದ್ದನ್ನ ನಿಮ್ಮ ಮಾತಿನಲ್ಲಿ ಹೇಳಿ, ಸರಿನಾ ಅಂತ ಕೇಳಿ. ಕೇಳೋಕೆ ಸುಲಭ, ಮಾಡೋಕೆ ಭಾರೀ ಕಷ್ಟ. ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಿಮ್ಮಲ್ಲಿ ಯಾರಿಗೆ ಎಷ್ಟು ಸಾಧ್ಯವಾಯ್ತು ಅಂತ ಬರೆದು ಕಳಿಸಿ. ನಾವು ಕಿವಿ ಕೊಡ್ತೀವಿ.